ನೋವು ತಡವಾಗಿ ಬರುವ ಕೀಲು

1951ರಲ್ಲಿ ರಿಯೊ ಡಿ ಜನೈರೊದ ಮರಕಾನಾದಲ್ಲಿ ಜಪಾನಿನ ಜೂಡೊಪಟು ಮಸಾಹಿಕೊ ಕಿಮುರಾ, ಬ್ರೆಜಿಲಿಯನ್ ಜಿಯು-ಜಿತ್ಸುವಿನ ಎಲಿಯೊ ಗ್ರೇಸಿ ಅವರ ಕೈಯನ್ನು ಹಿಡಿದು ತಿರುಚಿದರು. ಗ್ರೇಸಿ ಸೋಲೊಪ್ಪಲಿಲ್ಲ, ಅಣ್ಣ ಕಾರ್ಲೋಸ್ ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಇಂದಿಗೂ ಕಿಮುರಾ ಎಂದೇ ಹೆಸರು. 2011ರಲ್ಲಿ ಮಿಶ್ರ ಸಮರಕಲೆಯ ಪಂದ್ಯವೊಂದರಲ್ಲಿ ಅದೇ ಪಟ್ಟಿನಿಂದ ಫ್ರ್ಯಾಂಕ್ ಮಿರ್, ಆಂಟೋನಿಯೊ ರೊಡ್ರಿಗೊ ನೊಗೇರಾ ಅವರ ತೋಳಿನ ಮೂಳೆಯನ್ನೇ ಮುರಿದರು. ಈ ಪಟ್ಟಿನಲ್ಲಿ ಮೊಣಕೈ ಮಡಿಸಿದಾಗ ಮುಂಗೈ ಸನ್ನೆಗೋಲಾಗುತ್ತದೆ. ಅದನ್ನು ತಿರುವಿದ ಬಲವೆಲ್ಲ ಭುಜಕ್ಕೂ ತೋಳಿನ ಮೂಳೆಗೂ ಹೋಗುತ್ತದೆ.

ಹವಾಯಿಯ ಬ್ರೆಜಿಲಿಯನ್ ಜಿಯು-ಜಿತ್ಸು ಪಂದ್ಯಾವಳಿಗಳನ್ನು ಆಧರಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬ ಸ್ಪರ್ಧಿ ಒಂದು ಪಂದ್ಯ ಆಡುವುದನ್ನು ಒಂದೆಂದು ಎಣಿಸಿದರೆ, ಪ್ರತಿ 1000ಕ್ಕೆ ಸುಮಾರು 9 ಗಾಯಗಳಾಗಿದ್ದವು. ಬಹುಪಾಲು ಮೂಳೆ-ಕೀಲುಗಳವು, ಅದರಲ್ಲೂ ಮೊಣಕೈಯವೇ ಹೆಚ್ಚು. ಮುಖ್ಯ ಕಾರಣ, ಕೈಯನ್ನು ನೀಳವಾಗಿಸಿ ಮೊಣಕೈಯನ್ನು ಹಿಂದಕ್ಕೆ ಒತ್ತುವ ಆರ್ಮ್‌ಬಾರ್ ಪಟ್ಟು. ಕೈ ಪೂರ್ತಿ ನೀಳವಾದಾಗ ಮುಂಗೈ ಮೂಳೆಯ ಕೊಕ್ಕೆಯಂಥ ತುದಿ ತೋಳಿನ ಮೂಳೆಯ ಹಿಂದಿನ ಗುಳಿಯಲ್ಲಿ ಕೂತು ಚಲನೆಯನ್ನು ತಡೆಯುತ್ತದೆ. ಅದನ್ನೂ ಮೀರಿ ಒತ್ತಿದರೆ ಕೀಲಿನ ಮುಂಭಾಗದ ಪೊರೆ ಮತ್ತು ಒಳಬದಿಯ ಅಸ್ಥಿರಜ್ಜು ಹರಿಯಬಹುದು. ಆದರೆ ಮೊಣಕೈ ಸಾಮಾನ್ಯವಾಗಿ ಮೊದಲೇ ನೋವಿನಿಂದ ಎಚ್ಚರಿಸುತ್ತದೆ. ನಿಧಾನವಾಗಿ ಹಾಕಿದ ಪಟ್ಟಿನಲ್ಲಿ ಟ್ಯಾಪ್ ಮಾಡಲು, ಅಂದರೆ ಕೈ ತಟ್ಟಿ ಸೋಲೊಪ್ಪಲು, ಸಮಯ ಸಿಗುತ್ತದೆ.

ನನ್ನ ನಿಜವಾದ ಆತಂಕ ಮೊಣಕಾಲಿನದು. ಹೀಲ್ ಹುಕ್ ಎಂಬ ಪಟ್ಟಿನಲ್ಲಿ ಹಿಡಿಯುವುದು ಹಿಮ್ಮಡಿಯನ್ನು, ಪೆಟ್ಟು ಬೀಳುವುದು ಮಂಡಿಗೆ. ಮಂಡಿ ಮಡಿಸಿ ಬಿಚ್ಚಲು ಹೇಳಿ ಮಾಡಿಸಿದ ಕೀಲು. ತಿರುಗುವುದು ಅಲ್ಪಸ್ವಲ್ಪ ಮಾತ್ರ. ಎದುರಾಳಿ ತೊಡೆಯನ್ನು ಕಾಲುಗಳಿಂದ ಬಿಗಿದು ಹಿಮ್ಮಡಿಯನ್ನು ತಿರುವಿದಾಗ ಪಾದವೇ ಸನ್ನೆಗೋಲು. ಮೊದಮೊದಲು ಹೆಚ್ಚು ನೋವೇ ಇರುವುದಿಲ್ಲ. ಆಮೇಲೆ ಅಸ್ಥಿರಜ್ಜುಗಳೂ ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆಯೂ ಕ್ಷಣಾರ್ಧದಲ್ಲಿ ಹರಿಯಬಹುದು. ನೋವು ಬಂದ ಮೇಲೆ ಟ್ಯಾಪ್ ಮಾಡೋಣ ಎಂದು ಕಾದವರಿಗೆ ಇಲ್ಲಿ ಉಳಿಗಾಲವಿಲ್ಲ. ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಒಕ್ಕೂಟ 2021ರಲ್ಲಿ ಈ ಪಟ್ಟಿಗೆ ಅವಕಾಶ ಕೊಟ್ಟಾಗಲೂ, ಗೀ ಉಡುಪಿಲ್ಲದ ವಿಭಾಗದಲ್ಲಿ, ಕಂದು ಮತ್ತು ಕಪ್ಪು ಬೆಲ್ಟಿನ ವಯಸ್ಕರಿಗಷ್ಟೇ ಕೊಟ್ಟಿತು. ಅದು ಸರಿಯಾದ ನಿರ್ಧಾರ. ಹೊಸಬರಿಗೆ ಕಾಲು ಸಿಕ್ಕಿಬಿದ್ದಿದೆ ಎಂಬುದೇ ತಿಳಿಯದು. ಗಾಬರಿಯಲ್ಲಿ ತಪ್ಪು ದಿಕ್ಕಿಗೆ ಹೊರಳಿ ತಮ್ಮ ಮಂಡಿಯನ್ನು ತಾವೇ ತಿರುಚಿಕೊಳ್ಳುತ್ತಾರೆ.

ಮಂಡಿಯೊಳಗೆ 'ಟಪ್' ಎಂದ ಸದ್ದು, ಕೆಲವೇ ಗಂಟೆಗಳಲ್ಲಿ ಊತ, ನಡೆಯುವಾಗ ಕಾಲು ಜಾರಿದಂಥ ಅನುಭವ: ಇವು ಒಟ್ಟಿಗೆ ಕಂಡರೆ ಕೀಲಿನೊಳಗೆ ರಕ್ತ ತುಂಬಿರುವ ಸಾಧ್ಯತೆ ಹೆಚ್ಚು. ಉಜ್ಜಿಸಿ, ನೀವಿಸಿ ಸರಿಪಡಿಸುವ ಕೆಲಸವಲ್ಲ ಇದು. ಮೂಳೆತಜ್ಞರ ಪರೀಕ್ಷೆ ಆಗಬೇಕು, ಬೇಕಿದ್ದರೆ ಎಂಆರ್‌ಐ. ಮುಂಭಾಗದ ಕ್ರೂಸಿಯೇಟ್ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ ಮತ್ತೆ ಮ್ಯಾಟ್ ಮೇಲೆ ಸೆಣಸಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು.