ಜಂಟಿ ಸಾಲವೂ ದಂಪತಿಗಳ ಪ್ರತ್ಯೇಕ ಸಾಲಚರಿತ್ರೆಯೂ

ವ್ಯಾಪಾರದ ಬಂಡವಾಳಕ್ಕಾಗಿ ಮನೆಯನ್ನು ಅಡಮಾನವಿಡುವಾಗ, ಮನೆಯ ಪತ್ರದಲ್ಲಿ ಪತ್ನಿಯ ಹೆಸರೂ ಇದ್ದಲ್ಲಿ ಆಕೆಯನ್ನೂ ಸಹ-ಸಾಲಗಾರರನ್ನಾಗಿ ಸೇರಿಸುವಂತೆ ಬ್ಯಾಂಕುಗಳು ಕೇಳುವುದು ವಾಡಿಕೆ. ಆ ಸಹಿಯನ್ನು ಬಹುಪಾಲು ಕುಟುಂಬಗಳು ಕೇವಲ ಔಪಚಾರಿಕವೆಂದು ಭಾವಿಸುತ್ತವೆ. ಕಾನೂನಿನ ದೃಷ್ಟಿ ಬೇರೆಯೇ ಆಗಿದೆ.

ವಿವಾಹವಾದ ಮಾತ್ರಕ್ಕೆ ಇಬ್ಬರ ಸಾಲಚರಿತ್ರೆ ಒಂದಾಗುವುದಿಲ್ಲ. ಸಿಬಿಲ್ ಮೊದಲಾದ ನಾಲ್ಕು ಸಾಲ ಮಾಹಿತಿ ಸಂಸ್ಥೆಗಳು ಪ್ರತಿಯೊಬ್ಬರಿಗೂ ಪ್ರತ್ಯೇಕ ವರದಿ ಇರಿಸಿ, 300ರಿಂದ 900ರವರೆಗೆ ಅಂಕ ನೀಡುತ್ತವೆ. ಪತಿ ತನ್ನೊಬ್ಬನ ಹೆಸರಿನಲ್ಲಿ ಪಡೆದ ಸಾಲ ಪತ್ನಿಯ ವರದಿಗೆ ಬಾರದು. ಜಂಟಿ ಉಳಿತಾಯ ಖಾತೆಯೂ ಬಾರದು. ಆದರೆ ಜಂಟಿ ಸಾಲವು ಇಬ್ಬರ ವರದಿಯಲ್ಲಿಯೂ ಪೂರ್ಣವಾಗಿ ನಮೂದಾಗುತ್ತದೆ. 40 ಲಕ್ಷ ರೂಪಾಯಿಯ ಸಾಲವೆಂದರೆ ತಲಾ 20 ಲಕ್ಷವಲ್ಲ, ಇಬ್ಬರಿಗೂ 40 ಲಕ್ಷ. 1872ರ ಭಾರತೀಯ ಕರಾರು ಕಾಯ್ದೆಯ 43ನೆಯ ಕಲಮಿನಂತೆ, ವಿರುದ್ಧವಾದ ಸ್ಪಷ್ಟ ಒಪ್ಪಂದವಿಲ್ಲದಿದ್ದರೆ, ಜಂಟಿಯಾಗಿ ವಾಗ್ದಾನ ಮಾಡಿದವರಲ್ಲಿ ಯಾರೊಬ್ಬರಿಂದಲಾದರೂ ಪೂರ್ಣ ವಸೂಲಿ ಸಾಧ್ಯ. ಜಾಮೀನುದಾರರ ಹೊಣೆಯೂ 128ನೆಯ ಕಲಮಿನ ಪ್ರಕಾರ ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು.

ಇದರ ಬಿಸಿ ತಟ್ಟುವುದು ತಡವಾಗಿ. ಪತಿಯ ಹಾರ್ಡ್‌ವೇರ್ ಅಂಗಡಿಗೆ ಗಿರಾಕಿಗಳಿಂದ ಬಾಕಿ ಬಾರದೆ ಎರಡು ಕಂತು ತಪ್ಪಿತೆನ್ನೋಣ. ಮಸಾಲೆಪುಡಿ ಘಟಕ ಆರಂಭಿಸಲು ಪತ್ನಿ ಯಂತ್ರಸಾಲಕ್ಕೆ ಅರ್ಜಿ ಸಲ್ಲಿಸಿದಾಗ, ಆಕೆ ಒಂದು ರೂಪಾಯಿಯನ್ನೂ ಕೈಯಿಂದ ಮುಟ್ಟದ ಸಾಲದ ವಿಳಂಬ ಆಕೆಯ ಹೆಸರಿನಲ್ಲಿಯೇ ಕಾಣುತ್ತದೆ. ಅರ್ಜಿ ತಿರಸ್ಕೃತವಾಗಬಹುದು, ಇಲ್ಲವೇ ಬಡ್ಡಿ ದುಬಾರಿಯಾಗಬಹುದು. ಕಂತು ತಪ್ಪದಿದ್ದರೂ, ಹಳೆಯ ಕಂತಿನ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊಸ ಸಾಲದ ಮೊತ್ತವನ್ನು ಬ್ಯಾಂಕು ಕಡಿತಗೊಳಿಸುವುದುಂಟು. ಜಂಟಿ ಗೃಹಸಾಲದ ತೆರಿಗೆ ಲಾಭವನ್ನು ಪೈಸೆಗೆ ಪೈಸೆ ಎಣಿಸುವವರು ಈ ವೆಚ್ಚವನ್ನು ಎಣಿಸುವುದು ವಿರಳ.

ಇನ್ನೊಂದು ಮುಖವೂ ಇದೆ. ಹಿಂದೆಂದೂ ಸಾಲ ಪಡೆಯದ ಗೃಹಿಣಿಗೆ, ಸಕಾಲದಲ್ಲಿ ತೀರಿಸಿದ ಜಂಟಿ ಸಾಲವೇ ಮೊದಲ ಸಾಲಚರಿತ್ರೆಯಾಗುತ್ತದೆ. ಪತಿಯ ಕ್ರೆಡಿಟ್ ಕಾರ್ಡಿನ ಮೇಲೆ ಪಡೆದ ಆಡ್-ಆನ್ ಕಾರ್ಡಿನಿಂದ ಅಂತಹ ಪ್ರಯೋಜನವನ್ನು ನಿರೀಕ್ಷಿಸಲಾಗದು. ಅಲ್ಲಿ ಹೊಣೆ ಮೂಲ ಕಾರ್ಡುದಾರನದೇ.

ದಂಪತಿಗಳು ಬೇರೆಯಾದಾಗ ಸಮಸ್ಯೆ ಜಟಿಲವಾಗುತ್ತದೆ. ಕಂತುಗಳನ್ನು ಪತಿಯೇ ಕಟ್ಟತಕ್ಕದ್ದೆಂದು ಪರಸ್ಪರ ಒಪ್ಪಂದವಾದರೂ ಅದರಲ್ಲಿ ಪಕ್ಷಕಾರನಲ್ಲದ ಬ್ಯಾಂಕು ಅದಕ್ಕೆ ಬದ್ಧವಲ್ಲ. ಬ್ಯಾಂಕಿನ ಲಿಖಿತ ಒಪ್ಪಿಗೆಯಿಂದ ಹೆಸರು ತೆಗೆಸಬೇಕು, ಇಲ್ಲವೇ ಒಬ್ಬರ ಹೆಸರಿನಲ್ಲಿ ಹೊಸ ಸಾಲ ಪಡೆದು ಹಳೆಯದನ್ನು ತೀರಿಸಬೇಕು.

2017ರಿಂದ ಪ್ರತಿ ಸಂಸ್ಥೆಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ದೊರೆಯುತ್ತಿದೆ. ವರ್ತಕರು ತಮ್ಮ ವರದಿಯೊಡನೆ ಪತ್ನಿಯ ವರದಿಯನ್ನೂ ಆಕೆಯ ಮೂಲಕವೇ ತರಿಸಿ, ತೀರಿದ ಸಾಲ ಇನ್ನೂ ಚಾಲ್ತಿಯಲ್ಲಿರುವಂತೆ ತೋರುತ್ತಿದೆಯೇ ಎಂದು ಪರಿಶೀಲಿಸುವುದು ಲೇಸು. ತಪ್ಪಿನ ಬಗ್ಗೆ ಸಲ್ಲಿಸಿದ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ.