ಹೊಸ ಫೋನ್ ಯಾವುದು ತಗೊಳ್ಳಲಿ? ಮೊದಲು ಮನೆಯಲ್ಲಿರೋ ಫೋನ್‌ಗಳ ಲೆಕ್ಕ ಹಾಕೋಣ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸಂಕ್ಷೇಪಿಸಲಾಗಿದೆ.)

ದಸರಾ ಸೇಲ್ ಮುಗೀತು, ಈಗ ದೀಪಾವಳಿ ಸೇಲ್. ಎರಡು ವಾರದಿಂದ ನನ್ನ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ. "ಬ್ರೋ, ಇಪ್ಪತ್ತು ಸಾವಿರದೊಳಗೆ ಯಾವ ಫೋನ್ ಬೆಸ್ಟು?" "ಅಣ್ಣಾ, ಐಫೋನ್ 16 ತಗೊಳ್ಳಲಾ, 17 ತಗೊಳ್ಳಲಾ?" "ಈಗ ತಗೊಳ್ಳಲಾ, ಇನ್ನೊಂದು ವರ್ಷ ಕಾಯಲಾ?"

ಮೊದಲೇ ಹೇಳಿಬಿಡ್ತೀನಿ, ನಾನು ಟೆಕ್ ರಿವ್ಯೂ ಮಾಡೋನಲ್ಲ. ಬಿಕಾಂ ಓದಿದೋನು. ಫೋನ್ ಕೈಗೆ ತಗೊಂಡ್ರೆ ಕ್ಯಾಮೆರಾಗಿಂತ ಮೊದಲು ನಂಗೆ ಡೆಪ್ರಿಸಿಯೇಷನ್ ಕಾಣತ್ತೆ. ಹಾಗಾಗಿ ಇವತ್ತು ಫೋನನ್ನ ಒಂದು ಖರ್ಚಿನ ಬಾಬ್ತಾಗಿ ನೋಡೋಣ. ಈ ಸಂಚಿಕೆಗೆ ಯಾವ ಕಂಪನಿಯ ಪ್ರಾಯೋಜಕತ್ವವೂ ಇಲ್ಲ.

ನಾನೂ ಈ ಸಲ ಫೋನ್ ಬದಲಾಯಿಸಬೇಕು ಅಂತ 30,000 ರೂಪಾಯಿ ಎತ್ತಿಟ್ಟಿದ್ದೆ. ನನ್ನ ಫೋನ್ 2022ರದ್ದು. ಸಂಜೆ ನಾಲ್ಕಕ್ಕೆಲ್ಲ ಚಾರ್ಜ್ ಖಾಲಿ, ಸ್ಟೋರೇಜ್ ಫುಲ್. ಆಯುಧಪೂಜೆಗೆ ಹಾಸನಕ್ಕೆ ಹೋದಾಗ ಅಮ್ಮನ ಫೋನ್ ನೋಡಿ ನನ್ನ ಪ್ಲಾನ್ ಪೂರ್ತಿ ಬದಲಾಯ್ತು. ಆ ಕಥೆಗೆ ಆಮೇಲೆ ಬರ್ತೀನಿ.

ಬೆಲೆ ನೋಡಬೇಡಿ, ವರ್ಷಕ್ಕೆಷ್ಟು ಅಂತ ನೋಡಿ

ಫೋನಿಗೆ ಎರಡು ಆಯಸ್ಸು. ಒಂದು ಬ್ಯಾಟರಿ, ಸ್ಕ್ರೀನ್ ಇವುಗಳದ್ದು. ಅದನ್ನ ದುಡ್ಡು ಕೊಟ್ಟು ರಿಪೇರಿ ಮಾಡಿಸಬಹುದು. ಇನ್ನೊಂದು ಸಾಫ್ಟ್‌ವೇರ್‌ನದ್ದು. ಕಂಪನಿ ಸೆಕ್ಯುರಿಟಿ ಅಪ್‌ಡೇಟ್ ಕೊಡೋದು ನಿಲ್ಲಿಸಿದ ದಿನ ಅದು ಮುಗೀತು. ಅದಕ್ಕೆ ಯಾವ ಅಂಗಡಿಯಲ್ಲೂ ರಿಪೇರಿ ಇಲ್ಲ.

ಇಲ್ಲಿ ತುಂಬಾ ಜನ ಎಡವೋದು ಎಲ್ಲಿ ಅಂದ್ರೆ, ಅಪ್‌ಡೇಟ್‌ನ ಲೆಕ್ಕ ನೀವು ಫೋನ್ ತಗೊಂಡ ದಿನದಿಂದ ಶುರುವಾಗಲ್ಲ. ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ ಶುರು. ಸೇಲ್‌ನಲ್ಲಿ ಭಾರಿ ಅಗ್ಗಕ್ಕೆ ಸಿಗೋ ಹಳೇ ಮಾಡೆಲ್ ಅಂದ್ರೆ ಅರ್ಧ ಆಯಸ್ಸು ಮುಗಿಸಿ ಬಂದಿರೋ ಮಾಡೆಲ್.

ಒಂದು ಉದಾಹರಣೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23 ಎಫ್‌ಇ ಬಂದಿದ್ದು 2023ರ ಅಕ್ಟೋಬರ್‌ನಲ್ಲಿ, ಐದು ವರ್ಷದ ಸೆಕ್ಯುರಿಟಿ ಅಪ್‌ಡೇಟ್ ಭರವಸೆಯೊಂದಿಗೆ. ಮರುವರ್ಷ ಬಂದ ಎಸ್24 ಎಫ್‌ಇಗೆ ಏಳು ವರ್ಷ. 2025ರ ದೀಪಾವಳಿಗೆ ತಗೊಂಡ್ರೆ ಮೊದಲನೆಯದಕ್ಕೆ ಉಳಿದಿರೋದು ಮೂರು ವರ್ಷ, ಎರಡನೆಯದಕ್ಕೆ ಆರು. ಲೆಕ್ಕಕ್ಕೆ ಅಂತ, ಸೇಲ್‌ನಲ್ಲಿ ಒಂದು 30,000ಕ್ಕೆ, ಇನ್ನೊಂದು 36,000ಕ್ಕೆ ಸಿಕ್ಕಿತು ಅಂದ್ಕೊಳ್ಳಿ. 30,000 ಭಾಗಿಸು ಮೂರು, ವರ್ಷಕ್ಕೆ ಹತ್ತು ಸಾವಿರ. 36,000 ಭಾಗಿಸು ಆರು, ವರ್ಷಕ್ಕೆ ಆರು ಸಾವಿರ. ಆರು ಸಾವಿರ ಉಳಿಸಿದೆ ಅಂತ ಖುಷಿಪಟ್ಟವರು ನಿಜವಾಗಿ ವರ್ಷಕ್ಕೆ ನಾಲ್ಕು ಸಾವಿರ ಜಾಸ್ತಿ ಕೊಡ್ತಿದ್ದಾರೆ.

ಇದೇ ನನ್ನ ಸೂತ್ರ. ಕೊಡೋ ಬೆಲೆ, ಭಾಗಿಸು ಉಳಿದಿರೋ ಅಪ್‌ಡೇಟ್ ವರ್ಷ. ಎರಡು ಮಾಡೆಲ್ ಮಧ್ಯೆ ಗೊಂದಲ ಇದ್ರೆ ಎರಡಕ್ಕೂ ಈ ಭಾಗಾಕಾರ ಮಾಡಿ. ಅರ್ಧ ಗೊಂದಲ ಅಲ್ಲೇ ಹೋಗತ್ತೆ.

ಈ ವಿಷಯದಲ್ಲಿ ಈಗ ಕಾಲ ಒಳ್ಳೇದಿದೆ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ ಏಳು ವರ್ಷ ಅಂತು. ಸ್ಯಾಮ್‌ಸಂಗ್ 2024ರಲ್ಲಿ ಎಸ್24ಗೆ ಅಷ್ಟೇ ಕೊಡ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ 18,999 ರೂಪಾಯಿಗೆ ಬಂದ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷ ಕೊಟ್ಟಿದ್ದಾರೆ. ಇಪ್ಪತ್ತು ಸಾವಿರದೊಳಗಿನ ಫೋನಿಗೆ ಆರು ವರ್ಷ ಅನ್ನೋದು ನಾನು ಕಾಲೇಜಲ್ಲಿದ್ದಾಗ ಕನಸಲ್ಲೂ ಇರಲಿಲ್ಲ. ಆದರೆ ಎಲ್ಲಾ ಕಂಪನಿಗಳೂ ಹೀಗಿಲ್ಲ, ಎರಡು ವರ್ಷಕ್ಕೇ ಕೈ ತೊಳ್ಕೊಳ್ಳೋರೂ ಇದ್ದಾರೆ. ಕಂಪನಿಯ ವೆಬ್‌ಸೈಟ್‌ನಲ್ಲಿ ಆ ಮಾಡೆಲ್‌ನ ಹೆಸರು ಹಾಕಿ ಓದಿ ನೋಡಿ. ಅಂಗಡಿಯವರ ಬಾಯಿಮಾತು ನಂಬಬೇಡಿ.

ಐಫೋನ್ 16 ಆ, 17 ಆ?

17 ಬಂದಾಗ ಎಲ್ರೂ "3,000 ಏರಿಸಿಬಿಟ್ರು" ಅಂದ್ರು. ಶುರುವಿನ ಬೆಲೆ ನೋಡಿದ್ರೆ ಹೌದು, 16ಕ್ಕೆ 79,900 ಇತ್ತು, 17ಕ್ಕೆ 82,900. ಆದರೆ 79,900ಕ್ಕೆ ಸಿಗ್ತಿದ್ದಿದ್ದು 128 ಜಿಬಿ. 17 ಶುರುವಾಗೋದೇ 256ರಿಂದ. ಬಿಡುಗಡೆಯಾದಾಗ 16ರ 256 ಜಿಬಿಗೆ 89,900 ಇತ್ತು. ಸಮಕ್ಕೆ ಸಮ ನೋಡಿದ್ರೆ 7,000 ಇಳಿದಿದೆ. ಜೊತೆಗೆ 120 ಹರ್ಟ್ಸ್ ಸ್ಕ್ರೀನ್ ಬಂದಿದೆ. ಹೊಸದು ಬಂದ ಮೇಲೆ ಆಪಲ್ 16ರ 128 ಜಿಬಿಯನ್ನ 69,900ಕ್ಕೆ ಇಳಿಸಿತು. ವ್ಯತ್ಯಾಸ 13,000. ಐದು ವರ್ಷ ಇಟ್ಕೊಳ್ಳೋರಾದ್ರೆ, ವಿಡಿಯೋ ತುಂಬಾ ಮಾಡೋರಾದ್ರೆ 17 ತಗೊಳ್ಳಿ. ಎರಡು ವರ್ಷಕ್ಕೆ ಮಾರೋರು, ಸೇಲ್‌ನಲ್ಲಿ 16 ಇನ್ನೂ ಕೆಳಗೆ ಬಂದ್ರೆ ಅದಕ್ಕೇ ಹೋಗಬಹುದು.

ಆದರೆ ಪ್ರಶ್ನೆ ಕೇಳಿದ ಹುಡುಗನ ಕೈಯಲ್ಲಿರೋದು ಐಫೋನ್ 13. ಅದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಒಎಸ್ 26 ಕೂಡ ಸಿಕ್ಕಿದೆ. 5ಜಿ ಇದೆ. ತೊಂದರೆ ಏನಪ್ಪಾ ಅಂದ್ರೆ "ಚಾರ್ಜ್ ನಿಲ್ಲಲ್ಲ ಅಣ್ಣಾ." ಬ್ಯಾಟರಿ ಹೆಲ್ತ್ ಎಷ್ಟಿದೆ ಅಂದೆ, 76 ಪರ್ಸೆಂಟ್ ಅಂದ. ಐಫೋನ್ 14ರವರೆಗಿನ ಬ್ಯಾಟರಿಗಳು 500 ಸಲ ಪೂರ್ತಿ ಚಾರ್ಜ್ ಆದ ಮೇಲೆ 80 ಪರ್ಸೆಂಟ್ ಉಳಿಸ್ಕೊಳ್ಳೋ ಹಾಗೆ ಮಾಡಿರೋದು ಅಂತ ಆಪಲ್ಲೇ ಹೇಳತ್ತೆ. 15ರಿಂದ ಮುಂದಿನವಕ್ಕೆ ಅದು 1,000. ನಾಲ್ಕು ವರ್ಷದ ಫೋನಿಗೆ 76 ಅಂದ್ರೆ ಅದು ರೋಗ ಅಲ್ಲ, ವಯಸ್ಸು. ಬ್ಯಾಟರಿ ಬದಲಾಯಿಸು ಮಾರಾಯ, ಎಂಬತ್ತು ಸಾವಿರ ಉಳಿಸು ಅಂದೆ. ಬೇಜಾರಾದ. ಅವನಿಗೆ ಬೇಕಿದ್ದಿದ್ದು ಹೊಸ ಫೋನ್. ಅದು ತಪ್ಪೇನಲ್ಲ. ಆಸೆಗೆ ತಗೋತಿದ್ದೀನಾ, ಅಗತ್ಯಕ್ಕೆ ತಗೋತಿದ್ದೀನಾ ಅನ್ನೋದು ನಮಗೆ ಗೊತ್ತಿದ್ರೆ ಸಾಕು.

ಡಬ್ಬಿ ಮೇಲಿನ ಮಾತುಗಳು

ಇದನ್ನ ಬೇಗ ಮುಗಿಸ್ತೀನಿ. 50 ಮೆಗಾಪಿಕ್ಸೆಲ್ ಅಂತ ಬರೆದಿರೋ ಫೋನ್ ಮಾಮೂಲಾಗಿ ನಿಮಗೆ ಕೊಡೋದು ಸುಮಾರು 12 ಮೆಗಾಪಿಕ್ಸೆಲ್ ಫೋಟೋ. ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡ್ಕೊಳ್ಳತ್ತೆ. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಕ್ಯಾಮೆರಾ ಇರೋದು ಹಿಂದುಗಡೆ ಮೂರು ಕಣ್ಣು ಕಾಣಲಿ ಅಂತ. "8 ಪ್ಲಸ್ 8 ಜಿಬಿ ರ‍್ಯಾಮ್" ಅಂದ್ರೆ ಎರಡನೇ 8 ರ‍್ಯಾಮ್ ಅಲ್ಲ, ನಿಮ್ಮ ಸ್ಟೋರೇಜ್‌ನಿಂದಲೇ ಕಿತ್ಕೊಂಡಿರೋ ಜಾಗ. ಚಿಪ್‌ನ ಹೆಸರು ಹೊಸದಿದ್ದ ಮಾತ್ರಕ್ಕೆ ಚಿಪ್ ಹೊಸದಿರಬೇಕು ಅಂತಿಲ್ಲ. ಸ್ನ್ಯಾಪ್‌ಡ್ರ್ಯಾಗನ್ 6ಎಸ್ ಜೆನ್ 3 ಅನ್ನೋದು 2021ರ 695 ಚಿಪ್‌ಗೆ ಸ್ವಲ್ಪ ವೇಗ ಹೆಚ್ಚಿಸಿ ಇಟ್ಟಿರೋ ಹೊಸ ಹೆಸರು, ಅಷ್ಟೇ.

ಇಎಂಐ: ನಂಗೆ ಬಿದ್ದ ಏಟು

2019ರಲ್ಲಿ ನನ್ನ ಮೊದಲ ಕೆಲಸ, ಸಂಬಳ 16,500. ಮೂರನೇ ತಿಂಗಳಲ್ಲೇ 32,000ದ ಫೋನ್ ಹನ್ನೆರಡು ಕಂತಲ್ಲಿ ತಗೊಂಡೆ. ಏಳನೇ ತಿಂಗಳು ಅಪ್ಪ ಬೈಕಿಂದ ಬಿದ್ದು ಕಾಲಿಗೆ ಆಪರೇಷನ್ ಆಯ್ತು. ಇದ್ದ ದುಡ್ಡೆಲ್ಲ ಅಲ್ಲಿಗೆ ಹೋಯ್ತು, ಎರಡು ಕಂತು ಬೌನ್ಸ್ ಆದ್ವು. ದಂಡ ಬಿತ್ತು, ಅದು ಹೋಗ್ಲಿ. ಮುಂದೆ ಅಪ್ಪನ ಔಷಧಿ ಖರ್ಚಿಗೆ ಅಂತ ಸಣ್ಣ ಸಾಲ ಕೇಳಿದಾಗ ಕ್ರೆಡಿಟ್ ಸ್ಕೋರ್ ನೋಡಿ ಬೇಡ ಅಂದ್ರು. ಅಮ್ಮ ಬಳೆ ಅಡ ಇಟ್ಟಳು. ಒಂದು ಫೋನಿಗೋಸ್ಕರ.

ಹಾಗಾಗಿ "ನೋ ಕಾಸ್ಟ್ ಇಎಂಐ" ಅಂದ್ರೆ ಏನು ಅಂತ ಬಿಡಿಸಿ ಹೇಳ್ತೀನಿ. ಬ್ಯಾಂಕ್ ಬಡ್ಡಿ ಬಿಡಲ್ಲ. ಬಡ್ಡಿಯಷ್ಟು ಮೊತ್ತವನ್ನ ಮಾರೋರು ಮೊದಲೇ ಡಿಸ್ಕೌಂಟ್ ಕೊಟ್ಟಿರ್ತಾರೆ. 24,000ದ ಫೋನ್, ಆರು ಕಂತು, ತಿಂಗಳಿಗೆ 4,000 ಅಂತಿಟ್ಕೊಳ್ಳಿ. ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಆದ್ರೆ ಆ ಕಂತುಗಳೊಳಗೆ ಸುಮಾರು 1,016 ರೂಪಾಯಿ ಬಡ್ಡಿ ಅಡಗಿರತ್ತೆ. ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 183 ರೂಪಾಯಿ. ಅದನ್ನ ನೀವೇ ಕಟ್ಟಬೇಕು. ಪ್ರೊಸೆಸಿಂಗ್ ಫೀ 199 ಇದ್ರೆ ಜಿಎಸ್‌ಟಿ ಸೇರಿ 235. ಒಟ್ಟು 418 ರೂಪಾಯಿ. ದೊಡ್ಡ ಮೊತ್ತ ಅಲ್ಲ, ಒಪ್ತೀನಿ. ಆದರೆ ಪೂರ್ತಿ ದುಡ್ಡು ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಸಿಗ್ತಿತ್ತಾ ಅಂತ ನೋಡಿ. ಸಿಗ್ತಿದ್ರೆ ಅದನ್ನೂ ಈ ಖರ್ಚಿಗೆ ಸೇರಿಸಿ.

ನನ್ನ ನಿಯಮ ಇಷ್ಟೇ. ಎರಡು ತಿಂಗಳು ಸಂಬಳ ಬರದಿದ್ರೂ ಕಂತು ಕಟ್ಟೋಕಾಗತ್ತೆ ಅನ್ನೋ ಹಾಗಿದ್ರೆ ಮಾತ್ರ ಇಎಂಐ.

ಇನ್ನೊಂದು ಪ್ರಶ್ನೆ ಬಂದಿತ್ತು. "ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳೀತಲ್ಲ, ಫೋನ್ ಅಗ್ಗ ಆಗಲ್ವಾ?" ಇಲ್ಲ. ದೊಡ್ಡ ಟಿವಿ, ಎಸಿಗಳಿಗೆ ಇಳೀತು. ಫೋನಿಗೆ 2020ರ ಏಪ್ರಿಲ್‌ನಲ್ಲಿ 12ರಿಂದ 18 ಪರ್ಸೆಂಟ್ ಆಗಿದ್ದು ಹಾಗೇ ಇದೆ. ಅದಕ್ಕೋಸ್ಕರ ಕಾಯಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಒಂದು ಮಾತು. ದುಡ್ಡು ಕೊಡೋ ಮುಂಚೆ *#06# ಒತ್ತಿ ಐಎಂಇಐ ನಂಬರ್ ನೋಡಿ. ಮೆಸೇಜ್‌ನಲ್ಲಿ ಇಂಗ್ಲಿಷಿನ ಕೆ, ವೈ, ಎಂ ಅಕ್ಷರ, ಒಂದು ಸ್ಪೇಸ್, ಆಮೇಲೆ ಆ ನಂಬರ್ ಹಾಕಿ 14422ಕ್ಕೆ ಕಳಿಸಿ. ಕಳ್ಳತನದ್ದು ಅಂತ ಬ್ಲಾಕ್ ಆಗಿದ್ರೆ ಗೊತ್ತಾಗತ್ತೆ. ಸಂಚಾರ್ ಸಾಥಿಯಲ್ಲೂ ನೋಡಬಹುದು.

ಅಮ್ಮನ ಫೋನ್

ಈಗ ಹಾಸನದ ಕಥೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲೀತಾರೆ. ಗಿರಾಕಿಗಳು ಕೊಡೋದೆಲ್ಲ ಈಗ ಯುಪಿಐ. ಹಬ್ಬದ ದಿನ ಅಮ್ಮ ಫೋನ್ ಕೊಟ್ಟು, "ಯಾರೋ ಮದುವೆ ಕಾಗದ ಕಳಿಸಿದಾರೆ, ತೆರೀತಾನೇ ಇಲ್ಲ, ನೋಡೋ" ಅಂದ್ರು. ವಾಟ್ಸಾಪ್‌ನಲ್ಲಿ ಬಂದಿದ್ದು ಎಪಿಕೆ ಫೈಲ್. ಮದುವೆ ಕಾಗದ ಯಾವತ್ತೂ ಎಪಿಕೆ ಆಗಿರಲ್ಲ. ಅಂಥದ್ದು ಇನ್‌ಸ್ಟಾಲ್ ಆದ್ರೆ ಒಟಿಪಿ ಮೆಸೇಜ್‌ಗಳನ್ನ ಓದಿ ಖಾತೆ ಖಾಲಿ ಮಾಡತ್ತೆ. ಅಮ್ಮ ಎರಡು ಸಲ ಒತ್ತಿದ್ರು. ಸ್ಟೋರೇಜ್ ಫುಲ್ ಆಗಿತ್ತು ಅಂತ ಇನ್‌ಸ್ಟಾಲ್ ಆಗಿರಲಿಲ್ಲ. ಬಚಾವಾಗಿದ್ದು ಅಷ್ಟರಿಂದಲೇ.

ಸೆಟ್ಟಿಂಗ್ಸ್ ತೆಗೆದು ನೋಡಿದೆ. ಆಂಡ್ರಾಯ್ಡ್ 11. ಕೊನೆಯ ಸೆಕ್ಯುರಿಟಿ ಅಪ್‌ಡೇಟ್ 2022ರದ್ದು. ಅದು ಯಾವ ಫೋನ್ ಗೊತ್ತಾ? ನಾನು 2019ರಲ್ಲಿ ಇಎಂಐನಲ್ಲಿ ತಗೊಂಡಿದ್ದ ಅದೇ ಫೋನ್. ನಾನು ಹೊಸದು ತಗೊಂಡಾಗ ಹಳೇದನ್ನ ಅಮ್ಮನಿಗೆ ಕೊಟ್ಟಿದ್ದೆ. ಅಪ್‌ಡೇಟ್ ನಿಲ್ಲೋ ಹೊತ್ತಿಗೆ ಸರಿಯಾಗಿ.

ನಮ್ಮ ಮನೆಗಳಲ್ಲಿ ಇದೇ ತಾನೇ ನಡೆಯೋದು? ಹೊಸದು ಮಗನಿಗೆ, ಹಳೇದು ಅಮ್ಮನಿಗೆ. ಮೋಸ ಗುರುತಿಸೋಕೆ ಬರೋನ ಕೈಯಲ್ಲಿ ಭದ್ರವಾದ ಫೋನ್, ಬರದೇ ಇರೋರ ಕೈಯಲ್ಲಿ ಬಾಗಿಲು ತೆಗೆದಿಟ್ಟ ಫೋನ್. ಅಪ್‌ಡೇಟ್ ಇದ್ದ ಮಾತ್ರಕ್ಕೆ ಮೋಸ ಆಗಲ್ಲ ಅಂತ ನಾನು ಹೇಳಲ್ಲ. ಆದರೆ ಆಂಡ್ರಾಯ್ಡ್ 13ರಿಂದ ಹೀಗೆ ಹೊರಗಿಂದ ಬಂದ ಆ್ಯಪ್‌ಗಳಿಗೆ ಆಕ್ಸೆಸಿಬಿಲಿಟಿಯಂಥ ಅಪಾಯಕಾರಿ ಅನುಮತಿ ಸುಲಭಕ್ಕೆ ಸಿಗದ ಹಾಗೆ ತಡೆ ಹಾಕಿದ್ದಾರೆ. ಅಮ್ಮನ ಫೋನಲ್ಲಿ ಆ ತಡೆ ಇರಲೇ ಇಲ್ಲ.

ಕೊನೆಗೆ ಮಾಡಿದ್ದು ಇಷ್ಟು. ನನ್ನ ಫೋನಿಗೆ ಇನ್ನೂ ಒಂದೂವರೆ ವರ್ಷ ಅಪ್‌ಡೇಟ್ ಇದೆ. ಸರ್ವಿಸ್ ಸೆಂಟರ್‌ನಲ್ಲಿ 2,100 ಕೊಟ್ಟು ಬ್ಯಾಟರಿ ಬದಲಾಯಿಸಿದೆ. ವಾಟ್ಸಾಪ್‌ನ ಹಳೇ ವಿಡಿಯೋ ಅಳಿಸಿದ್ದಕ್ಕೇ 31 ಜಿಬಿ ಖಾಲಿ ಆಯ್ತು. ಅಮ್ಮನಿಗೆ ಆ ಎ16 ತಗೊಂಡೆ, 2030ರವರೆಗೆ ಯೋಚನೆ ಇಲ್ಲ. ಅದೇನು ಮಿಂಚಿನ ಥರ ಓಡಲ್ಲ, ಡಬ್ಬಿಯಲ್ಲಿ ಚಾರ್ಜರ್ ಕೂಡ ಇರಲ್ಲ. ಅಮ್ಮನ ಕೆಲಸಕ್ಕೆ ಸಾಕು. "ನಂಗ್ಯಾಕೋ ಹೊಸ ಫೋನು, ನೀನು ತಗೋ" ಅಂತ ಅರ್ಧ ಗಂಟೆ ಬೈದ್ರು. ಆಮೇಲೆ ಪಕ್ಕದ ಮನೆಯವರಿಗೆ ತೋರಿಸೋಕೆ ಹೋದ್ರು. ಉಳಿದ ದುಡ್ಡು ಖಾತೆಯಲ್ಲೇ ಇದೆ.

ನೀವು ಯಾವ ಮಾಡೆಲ್ ತಗೋಬೇಕು ಅಂತ ನಾನು ಹೇಳೋಕಾಗಲ್ಲ, ನಿಮ್ಮ ಜೇಬು ನಿಮಗೇ ಗೊತ್ತು. ಕಾರ್ಟ್‌ಗೆ ಹಾಕೋ ಮುಂಚೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಅಮ್ಮನ ಫೋನ್, ಅಪ್ಪನ ಫೋನ್ ಈಸ್ಕೊಳ್ಳಿ. ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ಒಳಗೆ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ನೋಡಿ. ಮನೆಯಲ್ಲಿ ಯಾವ ಫೋನಿನ ದಿನಾಂಕ ಎಲ್ಲಕ್ಕಿಂತ ಹಳೇದೋ, ಮೊದಲು ಬದಲಾಗಬೇಕಿರೋದು ಅದು. ಆ ದಿನಾಂಕ ನನಗೂ ಮೆಸೇಜ್ ಮಾಡಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ.

ಸಿಗೋಣ. ಹಬ್ಬ ಚೆನ್ನಾಗಿ ಮಾಡಿ, ಪಟಾಕಿ ನೋಡ್ಕೊಂಡು ಹೊಡೀರಿ.