ನಿಮಗಿದು ಗೊತ್ತೆ? ಮಂಗನ ಊರಿಗೆ ಮೊಸಳೆ ಕಾವಲು!

ಥಾಯ್ಲೆಂಡಿನ ಲೋಪ್‌ಬುರಿಯಲ್ಲಿ ಅಂಗಡಿಯವರು ಬಾಗಿಲಲ್ಲಿ ಹುಲಿ, ಮೊಸಳೆ ಗೊಂಬೆಗಳನ್ನು ಕೂರಿಸಿದ್ದುಂಟು. ಮಾರಾಟಕ್ಕಲ್ಲ, ಮಂಗಗಳನ್ನು ಹೆದರಿಸಲು!

ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 150 ಕಿ.ಮೀ. ದೂರದ ಈ ಊರನ್ನು ಶ್ರೀರಾಮ ಹನುಮಂತನಿಗೆ ಉಂಬಳಿ ಕೊಟ್ಟನೆಂಬುದು ಅಲ್ಲಿನ ಐತಿಹ್ಯ. ಮೂರು ಗೋಪುರಗಳ ಪ್ರಾಂಗ್ ಸಾಮ್ ಯೋಟ್ ಗುಡಿಯ ಸುತ್ತ ಉದ್ದಬಾಲದ ಮಂಗಗಳದ್ದೇ ದರ್ಬಾರು. ನವೆಂಬರ್‌ನಲ್ಲಿ ಅವಕ್ಕೆ ಹಣ್ಣಿನ ಔತಣವೂ ಉಂಟು. ಹಾವಳಿ ಮಿತಿಮೀರಿದಾಗ, 2024ರಲ್ಲಿ ನೂರಾರು ಮಂಗಗಳನ್ನು ಹಿಡಿದು ಬೋನಿಗೆ ಸಾಗಿಸಲಾಯಿತು.

ಪ್ಲಾಸ್ಟಿಕ್ ಚೀಲದ ಸರಸರ ಸದ್ದೆಂದರೆ ಮಂಗಕ್ಕೆ ತಿಂಡಿ ಎಂದೇ ಅರ್ಥ. ಕೈಯಲ್ಲಿನ ನೀರಿನ ಬಾಟಲಿ, ಮೂಗಿನ ಮೇಲಿನ ಕನ್ನಡಕ ಯಾವುದೂ ಕ್ಷೇಮವಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ಮಂಗ ಸವಾಲೆಂದೇ ಎಣಿಸುತ್ತದೆ. ಕಸಿದದ್ದನ್ನು ಮರಳಿ ಕೀಳಲು ಹೋದರೆ ಕಡಿತ ಬಹುತೇಕ ಖಚಿತ. ಕನ್ನಡಕ ಹೋದರೆ ಹೋಗಲಿ ಎನ್ನುವುದೇ ಜಾಣತನ.

ನಿಜವಾದ ಭಯ ರೇಬಿಸ್‌ನದು. ಅದು ನಾಯಿಯಿಂದ ಮಾತ್ರ ಬರುವ ರೋಗವಲ್ಲ. ಮಂಗನ ಕಡಿತದಿಂದಲೂ ಬರಬಹುದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ತೀರಾ ಅಪರೂಪ. ಆದ್ದರಿಂದ ಗಾಯ ಎಷ್ಟೇ ಸಣ್ಣದಿರಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ ಮೆತ್ತಬಾರದು. ತಡಮಾಡದೆ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಆರಂಭಿಸಬೇಕು. ಅದು ಹಲವು ಕಂತುಗಳದ್ದು. ಉಳಿದ ಕಂತುಗಳನ್ನು ಊರಿಗೆ ಮರಳಿದ ಮೇಲೂ ಪಡೆಯಬಹುದು, ಚೀಟಿ ಜೋಪಾನವಾಗಿರಬೇಕಷ್ಟೆ. ಹಿಂದೆ ಲಸಿಕೆ ಹಾಕಿಸಿಕೊಂಡವರಿಗೂ ಮತ್ತೆ ಚುಚ್ಚುಮದ್ದು ಬೇಕಾಗಬಹುದು.

ಥಾಯ್ಲೆಂಡಿನಲ್ಲಿ ತುರ್ತು ಆಂಬುಲೆನ್ಸ್‌ಗೆ 1669, ಪ್ರವಾಸಿ ಪೊಲೀಸರಿಗೆ 1155.